ಚದುರಂಗದ ಜೋಳ, ಏಳು ಪಾಲು ಮತ್ತು ಹುಬ್ಬಳ್ಳಿ ಪ್ಲಾಟ್‌ಫಾರ್ಮ್

ಹೋದ ಸಂಚಿಕೆಯಲ್ಲಿ ಚದುರಂಗದ ಹಳೇ ಕತೆ ಹೇಳಿದ್ದೆ. ಆಟ ನೋಡಿ ಖುಷಿಯಾದ ರಾಜ ಏನು ಬೇಕು ಕೇಳು ಅನ್ನುತ್ತಾನೆ. ಆಟ ಕಟ್ಟಿದ ಜಾಣ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗೂ ದುಪ್ಪಟ್ಟು ಮಾಡುತ್ತಾ ಕೊಟ್ಟರೆ ಸಾಕು ಅನ್ನುತ್ತಾನೆ. ಗೋದಿ, ಅಕ್ಕಿ ಹಾಕಿ ಹೇಳುವವರೇ ಜಾಸ್ತಿ, ನಾನು ನಮ್ಮ ಬಿಳಿಜೋಳ ಹಾಕಿದ್ದೆ. ಜೋಳ ಅಂದ ತಕ್ಷಣ ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಕೈ ಕಡಿದಿರಬೇಕು, ಇಷ್ಟು ಪತ್ರ ಈ ಅಂಕಣಕ್ಕೆ ಯಾವತ್ತೂ ಬಂದಿರಲಿಲ್ಲ. ಈ ಸಲ ಬೇರೆ ವಿಷಯ ಇಲ್ಲ, ಆ ಒಂದೇ ಸಂಖ್ಯೆಯ ಸುತ್ತ ಬಂದ ಪ್ರಶ್ನೆಗಳು.

ಪ್ರಶ್ನೆ: ಮಾಸ್ತರೇ, ಒಟ್ಟು ಕಾಳು 18446744073709551616 ಅಂತ ಬರೆದಿದ್ದೀರಿ. ಬೆಸ ಸಂಖ್ಯೆ ಬರಬೇಕಲ್ರೀ? ಮೊದಲನೇ ಮನೆಯಲ್ಲಿ ಇರುವುದು ಒಂದೇ ಕಾಳು, ಉಳಿದ ಎಲ್ಲ ಮನೆಯಲ್ಲೂ ಸಮ. (ಧಾರವಾಡದ ಒಬ್ಬ ನಿವೃತ್ತ ಗುಮಾಸ್ತರು)

ಉತ್ತರ: ತಪ್ಪು ನನ್ನದೇ. ಪ್ರೂಫ್ ನೋಡಿದವರ ಮೇಲೆ ಹಾಕುವ ಹಾಗೂ ಇಲ್ಲ, ಕೈಬರಹದಲ್ಲೇ 616 ಇದೆ. ಅದು 65ನೇ ಮನೆ ಅಂತ ಒಂದಿದ್ದಿದ್ದರೆ ಅಲ್ಲಿ ಬೀಳುತ್ತಿದ್ದ ಕಾಳು. ಒಟ್ಟು ಮೊತ್ತ ಯಾವಾಗಲೂ ಮುಂದಿನ ಮನೆಗಿಂತ ಒಂದು ಕಡಿಮೆ: 1+2 ಅಂದರೆ 3, ಮುಂದಿನ ಮನೆ 4. 1+2+4 ಅಂದರೆ 7, ಮುಂದಿನ ಮನೆ 8. ಹಾಗಾಗಿ ಸರಿಯಾದ ಉತ್ತರ 18446744073709551615. ನಿಮ್ಮ ತರ್ಕ ನನ್ನ ಲೆಕ್ಕಕ್ಕಿಂತ ಚೆನ್ನಾಗಿದೆ. ಇಪ್ಪತ್ತು ಅಂಕಿ ಕೂಡದೆ, ಗುಣಿಸದೆ, ಬರೀ ಸಮ ಬೆಸ ನೋಡಿ ನನ್ನನ್ನು ಹಿಡಿದುಬಿಟ್ಟಿರಿ.

ಪ್ರಶ್ನೆ: ಈ ಸಂಖ್ಯೆಯನ್ನು ಬಾಯಿಂದ ಓದುವುದು ಹೇಗೆ? ಮೊಬೈಲಿನಲ್ಲಿ ಗುಣಿಸಿದರೆ 1.8446744E19 ಅಂತ ಬರುತ್ತದೆ, ಅದೇನೂ ತಿಳಿಯಲಿಲ್ಲ. ಇಷ್ಟು ಜೋಳ ತುಂಬಲು ಎಷ್ಟು ಹಗೇವು ಬೇಕು? (ಗದಗ ತಾಲ್ಲೂಕಿನ ಒಬ್ಬ ರೈತರು)

ಉತ್ತರ: ನಮ್ಮ ಪದ್ಧತಿಯಂತೆ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಕೋಟಿಯವರೆಗೆ ಬಾಯಿ ಸಲೀಸಾಗಿ ಹೋಗುತ್ತದೆ, ಆಮೇಲೆ ತೊದಲುತ್ತದೆ. ಸುಮಾರಾಗಿ ಹೇಳಬೇಕು ಅಂದರೆ ಒಂದು ಲಕ್ಷ 84 ಸಾವಿರ ಕೋಟಿ ಕೋಟಿ. ಕೋಟಿ ಎರಡು ಸಲ, ತಪ್ಪಿ ಬಿದ್ದದ್ದಲ್ಲ. ಮೊಬೈಲು ಹೇಳುವುದೂ ಇದನ್ನೇ: 1.8446744ರ ಚುಕ್ಕಿಯನ್ನು 19 ಸ್ಥಾನ ಬಲಕ್ಕೆ ಸರಿಸಿಕೊಳ್ಳಿ ಅಂತ ಆ E19ರ ಅರ್ಥ.

ಆದರೆ ನಮ್ಮವರಿಗೆ ಕೋಟಿ ಆದಮೇಲೆ ಹೆಸರೇ ಇರಲಿಲ್ಲ ಅಂದುಕೊಳ್ಳಬೇಡಿ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಅಂತ ಒಬ್ಬ ಜೈನ ಗಣಿತಜ್ಞ ಇದ್ದ. ಅವನ 'ಗಣಿತಸಾರಸಂಗ್ರಹ'ದಲ್ಲಿ ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿದೆ. ನಮ್ಮ ಸಂಖ್ಯೆಗೆ ಇಪ್ಪತ್ತು ಅಂಕಿ, ಇಪ್ಪತ್ತನೆಯ ಸ್ಥಾನ ಮಹಾಶಂಖ. ಹಾಗಾಗಿ ಅವನ ಬಾಯಲ್ಲಿ ಇದು ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ, ಆರು ಮಹಾಪದ್ಮ ಅಂತ ಇಳಿಯುತ್ತಾ ಬರುತ್ತದೆ, ಇನ್ನೂ ನಾಲ್ಕು ಸ್ಥಾನ ಮೇಲೆ ಖಾಲಿ ಉಳಿಯುತ್ತದೆ. ಅದೇ ನೃಪತುಂಗನ ಆಸ್ಥಾನದ 'ಕವಿರಾಜಮಾರ್ಗ' ತಿರುಳ್ಗನ್ನಡದ ಊರುಗಳಲ್ಲಿ ಒಂದು ಅಂತ ಎಣಿಸಿದ ಪುಲಿಗೆರೆ ನಿಮ್ಮ ಜಿಲ್ಲೆಯ ಲಕ್ಷ್ಮೇಶ್ವರವೇ. ಮಹಾವೀರಾಚಾರ್ಯ ಮುಂದೆ ಮತ್ತೆ ಬರುತ್ತಾನೆ, ನೆನಪಿರಲಿ.

ಈಗ ಹಗೇವಿನ, ಅಂದರೆ ಕಾಳು ತುಂಬಿಡುವ ನೆಲಗುಳಿಯ ಮಾತು. ಜೋಳದ ಸಾವಿರ ಕಾಳಿಗೆ 30 ಗ್ರಾಂ ತೂಕ ಅಂತ ಇಟ್ಟುಕೊಳ್ಳೋಣ. ತಳಿ ಮೇಲೆ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಅದು ನಿಮಗೆ ನನಗಿಂತ ಗೊತ್ತು. ಚದುರಂಗದ ಮೊದಲ ಸಾಲು ಮುಗಿದಾಗ 255 ಕಾಳು, ಎಂಟು ಗ್ರಾಮೂ ಇಲ್ಲ. ಎರಡು ಸಾಲಿಗೆ 65,535 ಕಾಳು, ಎರಡು ಕಿಲೋ ಹತ್ತಿರ. ರಾಜ ಇಲ್ಲಿಯವರೆಗೆ ನಗುತ್ತಲೇ ಇರುತ್ತಾನೆ. ಮೂರು ಸಾಲಿಗೆ ಐದು ಕ್ವಿಂಟಲ್. ನಾಲ್ಕು ಸಾಲಿಗೆ, ಅಂದರೆ ಅರ್ಧ ಹಲಗೆಗೆ, ಸುಮಾರು 1,288 ಕ್ವಿಂಟಲ್. ಇದನ್ನು ಅಮರಗೋಳದ ಎಪಿಎಂಸಿಯಲ್ಲಿ ಇಳಿಸಬಹುದು, ಹಮಾಲರು ಬೈದುಕೊಂಡಾರು, ಆದರೆ ಇಳಿಸಬಹುದು. ಐದನೆಯ ಸಾಲು ಮುಗಿಯುವಾಗ 3 ಲಕ್ಷ 30 ಸಾವಿರ ಕ್ವಿಂಟಲ್, ಅಲ್ಲಿಂದಾಚೆ ಎಪಿಎಂಸಿ ಕೆಲಸಕ್ಕೆ ಬರುವುದಿಲ್ಲ. ಯಾಕೆಂದರೆ ಒಂದೊಂದು ಸಾಲು ಇಳಿದಾಗಲೂ ಮೊತ್ತ ಎರಡು ಪಟ್ಟಲ್ಲ, 256 ಪಟ್ಟು ಏರುತ್ತದೆ.

ಎಂಟೂ ಸಾಲು ಸೇರಿ ಸುಮಾರು 55 ಸಾವಿರ ಕೋಟಿ ಟನ್. ಈಗ ಜಗತ್ತೆಲ್ಲ ಸೇರಿ ವರ್ಷಕ್ಕೆ ಬೆಳೆಯುವ ಜೋಳ ಸುಮಾರು 6 ಕೋಟಿ ಟನ್, ಒಂದು ರೊಟ್ಟಿಯನ್ನೂ ತಿನ್ನದೆ ಒಂಬತ್ತು ಸಾವಿರ ವರ್ಷ ಕೂಡಿಡಬೇಕು. ಹಗೇವು ತೋಡಲು ಜಾಗ ಎಲ್ಲಿಂದ ತರೋಣ? ಬೀದರಿನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕದ ಮೇಲೆ ಸಮನಾಗಿ ಹರವಿದರೆ ಹನ್ನೆರಡು ಅಡಿಗೂ ಸ್ವಲ್ಪ ಮೇಲೆ ಬರುತ್ತದೆ. ಗದಗದ ಮಟ್ಟಿಗೆ ಹೇಳಬೇಕು ಅಂದರೆ ಕಪ್ಪತಗುಡ್ಡ ಕಾಣುತ್ತದೆ, ನಿಮ್ಮ ಮನೆ ಕಾಣುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಏಳು ಜನ. ಈ ಜೋಳವನ್ನು ಏಳು ಪಾಲು ಮಾಡಿದರೆ ಸರಿಯಾಗಿ ಹೋಗುತ್ತದೆಯೇ ಅಂತ ನಮ್ಮ ಅತ್ತೆ ಕೇಳುತ್ತಿದ್ದಾರೆ. ನನ್ನ ಮಗ ಕಾಗದದ ಮೇಲೆ ಭಾಗಾಕಾರ ಮಾಡಲು ಹೋಗಿ ಮೂರು ಸಲ ಮೂರು ಉತ್ತರ ತಂದ. (ನವಲಗುಂದದ ಒಬ್ಬ ಗೃಹಿಣಿ)

ಉತ್ತರ: ಅಕ್ಕಾ, ಸರಿಯಾಗಿ ಹೋಗುವುದಿಲ್ಲ. ಒಂದೇ ಒಂದು ಕಾಳು ಉಳಿಯುತ್ತದೆ. ಇದಕ್ಕೆ ಭಾಗಾಕಾರವೇ ಬೇಡ ಅಂತ ಅತ್ತೆಯವರಿಗೆ ಹೇಳಿ, ಹಲಗೆ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕು.

ಮನೆಗಳನ್ನು ಮೂರು ಮೂರರಂತೆ ಗುಂಪು ಮಾಡಿ. ಮೊದಲ ಮೂರು ಮನೆ 1+2+4, ಅದು 7. ಮುಂದಿನ ಮೂರು 8+16+32, ಅದು 56, ಅಂದರೆ ಏಳರ ಎಂಟು ಪಟ್ಟು. ಅದರ ಮುಂದಿನದು ಇನ್ನೂ ಎಂಟು ಪಟ್ಟು. ಹೀಗೆ ಪ್ರತಿ ಗುಂಪೂ ಏಳರ ಮಗ್ಗಿಯಲ್ಲೇ ಬೀಳುತ್ತದೆ. 63 ಮನೆಗಳಿಗೆ 21 ಗುಂಪು, ಎಲ್ಲವೂ ಏಳು ಪಾಲಿಗೆ ನೀಟಾಗಿ ಹೋದವು. ಉಳಿದದ್ದು ಕೊನೆಯ ಮನೆ ಒಂದೇ. ಒಂಟಿ ಮನೆಗಳ ಶೇಷ 1, 2, 4, ಮತ್ತೆ 1, 2, 4 ಅಂತ ಸುತ್ತುತ್ತಿರುತ್ತದೆ (8ರಲ್ಲಿ ಏಳು ತೆಗೆದರೆ 1 ತಾನೇ). 64ನೆಯದು ಹೊಸ ಸುತ್ತಿನ ಮೊದಲ ಮನೆ, ಅದರ ಶೇಷ 1. ಆ ಕಾಳನ್ನು ಇಲಿಗೆ ಬಿಡಿ.

ಇದೇ ಗುಂಪು ಕಟ್ಟುವ ಆಟವನ್ನು ಎರಡೆರಡು ಮನೆಗೆ ಆಡಿ. 1+2 ಮೂರು, 4+8 ಹನ್ನೆರಡು, 16+32 ನಲವತ್ತೆಂಟು, ಎಲ್ಲ ಮೂರರ ಮಗ್ಗಿ. 64 ಮನೆ ಎರಡೆರಡಾಗಿ ಸರಿಯಾಗಿ ಒಡೆಯುತ್ತವೆ, ಹಾಗಾಗಿ ಇಡೀ ಮೊತ್ತ 3ಕ್ಕೆ ಹೋಗುತ್ತದೆ. ನಾಲ್ಕು ನಾಲ್ಕಾಗಿ ಕಟ್ಟಿದರೆ ಮೊದಲ ಗುಂಪು 15, ಆದ್ದರಿಂದ 5ಕ್ಕೂ ಹೋಗುತ್ತದೆ. ಎಂಟೆಂಟಾಗಿ ಕಟ್ಟಿದರೆ ಅದೇ ಒಂದು ಸಾಲು, 255, ಅಂದರೆ 3×5×17. ಅಲ್ಲಿಗೆ 17ಕ್ಕೂ ಹೋಯಿತು. ನಿಮ್ಮ ಮನೆಯಲ್ಲಿ ಹದಿನೇಳು ಜನ ಇದ್ದಿದ್ದರೆ ಇಲಿಗೆ ಏನೂ ಸಿಗುತ್ತಿರಲಿಲ್ಲ. ನಿಮ್ಮ ಮಗ ಮೂರು ಉತ್ತರ ತಂದದ್ದಕ್ಕೆ ಬೈಯಬೇಡಿ, ಇಪ್ಪತ್ತು ಅಂಕಿಯ ಭಾಗಾಕಾರದಲ್ಲಿ ನಾನೂ ಒಂದು ಸಲ ತಪ್ಪಿದ್ದೇನೆ.

ಪ್ರಶ್ನೆ: ಹಾಗಾದರೆ ಈ ಸಂಖ್ಯೆಯ ಎಲ್ಲ ಅವಿಭಾಜ್ಯ ಅಪವರ್ತನಗಳನ್ನೂ ಕೈಯಲ್ಲೇ ಕಂಡುಹಿಡಿಯಬಹುದೇ, ಕಂಪ್ಯೂಟರ್ ಇಲ್ಲದೆ? (ಧಾರವಾಡದ ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿನಿ)

ಉತ್ತರ: ಬಹುದು. ಬಹುಪಾಲು ಆಗಲೇ ಆಗಿದೆ, ನವಲಗುಂದದ ಅಕ್ಕನವರ ಉತ್ತರ ಓದಿ ಬಾ. ಅಲ್ಲಿಂದ ಮುಂದಕ್ಕೆ ಹೋಗೋಣ.

ಒಂದು ಸಾಲು 255. ಎರಡನೆಯ ಸಾಲಿನ ಪ್ರತಿ ಮನೆಯೂ ಅದರ ಮೇಲಿನ ಮನೆಯ 256 ಪಟ್ಟು, ಹಾಗಾಗಿ ಎರಡು ಸಾಲು ಸೇರಿದರೆ 255×257. ಇನ್ನೆರಡು ಸಾಲು ಸೇರಿಸಿದರೆ ಮೊದಲಿನ ಎರಡು ಸಾಲಿನ 65,536 ಪಟ್ಟು ಬಂದು ಸೇರುತ್ತದೆ, ಆದ್ದರಿಂದ ಗುಣಕ 65537. ಕೆಳಗಿನ ಅರ್ಧ ಹಲಗೆ ಮೇಲಿನ ಅರ್ಧದ 4294967296 ಪಟ್ಟು, ಗುಣಕ 4294967297. ಒಟ್ಟು 3×5×17×257×65537×4294967297. ಪ್ರತಿ ಸಲ ಹಲಗೆಯ ಆಯ್ದ ಭಾಗ ಇಮ್ಮಡಿ ಆದಾಗ ಒಂದು ಹೊಸ ಅಪವರ್ತನ.

ಇವು ಫರ್ಮಾ ಸಂಖ್ಯೆಗಳು: 2, ಅದರ ವರ್ಗ 4, ಅದರ ವರ್ಗ 16, ಹೀಗೆ ಹೋಗುತ್ತಾ ಒಂದೊಂದಕ್ಕೂ 1 ಕೂಡಿದರೆ ಬರುವವು. ಫ್ರಾನ್ಸಿನ ವಕೀಲ ಫರ್ಮಾ 1640ರಲ್ಲಿ, ಇಂಥ ಸಂಖ್ಯೆಗಳೆಲ್ಲ ಅವಿಭಾಜ್ಯವೇ ಅಂತ ನಂಬಿ ಬರೆದ. 3, 5, 17, 257, 65537ರ ಮಟ್ಟಿಗೆ ಅವನು ಸರಿ. ಆರನೆಯದರಲ್ಲಿ, ಅಂದರೆ ನಮ್ಮ ಅರ್ಧ ಹಲಗೆಯ ಗುಣಕದಲ್ಲೇ, ಎಡವಿದ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಅದನ್ನು 641×6700417 ಅಂತ ಒಡೆದ.

ಆಯ್ಲರ್ ಸುಮ್ನೆ ಒಂದೊಂದೇ ಅವಿಭಾಜ್ಯ ಹಿಡಿದು ಭಾಗಿಸುತ್ತಾ ಕೂರಬೇಕಿರಲಿಲ್ಲ, ನೀನೂ ಕೂರಬೇಡ. ಆ ಸಂಖ್ಯೆಗೆ ಯಾವ ಅವಿಭಾಜ್ಯ ಅಪವರ್ತನ ಇದ್ದರೂ ಅದನ್ನು 64ರಿಂದ ಭಾಗಿಸಿದಾಗ 1 ಉಳಿಯಲೇಬೇಕು ಅಂತ ಆಯ್ಲರೇ ತೋರಿಸಿದ್ದಾನೆ. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೆಯ ಏಟಿಗೇ ಬಿತ್ತು. ಪರೀಕ್ಷೆಗೆ ಬೇಕಾದರೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. 641 ಅಂದರೆ 640+1, 625+16 ಕೂಡ. 640 ಅಂದರೆ 5×128, ಅದು 641ಕ್ಕೆ ಒಂದು ಕಡಿಮೆ, ಶೇಷ −1 ಅಂದುಕೋ. ಅದನ್ನು ನಾಲ್ಕು ಸಲ ಗುಣಿಸಿದರೆ ಶೇಷ +1. ಆದರೆ 640ರ ನಾಲ್ಕನೆಯ ಘಾತ ಅಂದರೆ 625 ಗುಣಿಸು 2ರ 28ನೆಯ ಘಾತ. 625ರ ಜಾಗದಲ್ಲಿ −16 ಇಡಬಹುದು, ಯಾಕೆಂದರೆ ಎರಡರ ನಡುವೆ ಸರಿಯಾಗಿ 641 ಇದೆ. 16 ಅಂದರೆ 2ರ ನಾಲ್ಕನೆಯ ಘಾತ, ಎರಡೂ ಸೇರಿ 2ರ 32ನೆಯ ಘಾತ ಆಯಿತು, ಹಿಂದೆ ಒಂದು ಋಣ ಚಿಹ್ನೆ. ಅಂದರೆ ಋಣ ಚಿಹ್ನೆ ಹೊತ್ತ ಆ ಘಾತದ ಶೇಷ +1, ಬರೀ ಘಾತದ ಶೇಷ −1, ಅದಕ್ಕೊಂದು ಕೂಡಿದರೆ ಸೊನ್ನೆ. ಮುಗೀತು. ಮೊದಲ ಸಲ ಓದಿದಾಗ ತಲೆ ಗಿರ್ ಅನ್ನುತ್ತದೆ, ಪೆನ್ನು ಹಿಡಿದು ಎರಡನೆಯ ಸಲ ಓದು.

6700417 ಮತ್ತೆ ಒಡೆಯುವುದಿಲ್ಲ. ಹಾಗಾಗಿ ಪೂರ್ತಿ ಜಾತಕ: 3×5×17×257×641×65537×6700417. ಏಳೂ ಬೇರೆ ಬೇರೆ, ಯಾವುದೂ ಎರಡು ಸಲ ಬಂದಿಲ್ಲ. ಒಂದೊಂದನ್ನೂ ತೆಗೆದುಕೊಳ್ಳಬಹುದು ಇಲ್ಲ ಬಿಡಬಹುದು, ಆದ್ದರಿಂದ ಒಟ್ಟು ಭಾಜಕಗಳು 128. ತನ್ನನ್ನು ಬಿಟ್ಟು ಉಳಿದ 127 ಭಾಜಕಗಳನ್ನೆಲ್ಲ ಕೂಡಿದರೂ ಸಂಖ್ಯೆಯ ನೂರಕ್ಕೆ ಎಪ್ಪತ್ತರಷ್ಟು ಮಾತ್ರ ಬರುತ್ತದೆ. ಇಷ್ಟು ದೊಡ್ಡ ಮೈ ಇದ್ದೂ ಒಳಗೆ ಕೊರತೆಯದೇ.

ನಿನಗೆ ಇನ್ನೊಂದು ವಿಷಯ ಹೇಳದೆ ಬಿಡಲಾರೆ. ಅರ್ಧ ಹಲಗೆಯ ಮೊತ್ತ 4294967295ಕ್ಕೆ 32 ಭಾಜಕಗಳಿವೆ: 1, 3, 5, 15, 17, 51, 85, 255, 257 ಹೀಗೆ. ಒಂದನ್ನು ಬಿಟ್ಟರೆ 31. ಗುರುತಿಲ್ಲದ ಪಟ್ಟಿ ಮತ್ತು ಕೈವಾರ ಎರಡನ್ನೇ ಬಳಸಿ, ಬಾಹುಗಳ ಸಂಖ್ಯೆ ಬೆಸ ಇರುವ, ಬಾಹು ಕೋನ ಎಲ್ಲ ಒಂದೇ ಅಳತೆಯ ಯಾವ ಯಾವ ಬಹುಭುಜ ಬಿಡಿಸಬಹುದು ಅಂತ ಇವತ್ತಿನವರೆಗೆ ಗೊತ್ತಿದೆಯೋ ಅವು ಈ 31 ಮಾತ್ರ. 17 ಬಾಹುಗಳದ್ದು ಬಿಡಿಸಬಹುದು ಅಂತ ಜರ್ಮನ್ ಗಣಿತಜ್ಞ ಗಾಸ್ 1796ರಲ್ಲಿ ಕಂಡಾಗ ಅವನಿಗೆ ಇನ್ನೂ 19 ತುಂಬಿರಲಿಲ್ಲ. 65537 ಬಾಹುಗಳದ್ದನ್ನು ಬಿಡಿಸುವ ದಾರಿ ಬರೆಯಲು ಹರ್ಮೀಸ್ ಅನ್ನುವ ಜರ್ಮನ್ ಮಹಾಶಯ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೂತ, 1894ರಲ್ಲಿ ಮುಗಿಸಿದ. ಆ ಬಹುಭುಜವನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿದರೆ ವೃತ್ತಕ್ಕೂ ಅದಕ್ಕೂ ಕಣ್ಣಿಗೆ ಏನೂ ವ್ಯತ್ಯಾಸ ಇರುವುದಿಲ್ಲ!

ಪ್ರಶ್ನೆ: ಯಾವ ಮನೆಯಲ್ಲಿ ನಿಲ್ಲಿಸಿದರೆ ಒಟ್ಟು ಕಾಳು ಅವಿಭಾಜ್ಯ ಆಗುತ್ತದೆ? (ಶಿಗ್ಗಾಂವಿ)

ಉತ್ತರ: 2, 3, 5, 7, 13, 17, 19, 31, 61. ಈ ಒಂಬತ್ತೇ. ಮನೆಯ ಸಂಖ್ಯೆ ಅವಿಭಾಜ್ಯ ಆಗಿರಲೇಬೇಕು, ಆದರೆ ಅಷ್ಟಕ್ಕೇ ಸಾಲದು. 11ನೇ ಮನೆಗೆ ನಿಲ್ಲಿಸಿದರೆ 2047, ಅದು 23×89. 61ನೆಯದರದ್ದು 2305843009213693951, ಅವಿಭಾಜ್ಯ ಅಂತ 1883ರಲ್ಲಿ ತೋರಿಸಿದವನು ಪೆರ್ವುಶಿನ್ ಅನ್ನುವ ರಷ್ಯಾದ ಹಳ್ಳಿಯ ಪಾದ್ರಿ. ಹಲಗೆ ದೊಡ್ಡದು ಮಾಡಿಕೊಂಡರೆ ಆಟ ಇನ್ನೂ ಮುಂದೆ ಹೋಗುತ್ತದೆ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ದೊಡ್ಡ ಅವಿಭಾಜ್ಯ ಸಂಖ್ಯೆ ಇಂಥದ್ದೇ, 13,62,79,841 ಮನೆಗಳ ಹಲಗೆಯ ಮೊತ್ತ. ಅದಕ್ಕೆ 4,10,24,320 ಅಂಕಿ. ಪುಟಕ್ಕೆ ಎರಡು ಸಾವಿರ ಅಂಕಿ ಹಾಕಿದರೂ ಇಪ್ಪತ್ತು ಸಾವಿರ ಪುಟ ದಾಟುತ್ತದೆ, ನಮ್ಮ ಸಂಪಾದಕರು ಒಪ್ಪಲಿಲ್ಲ.

ಪ್ರಶ್ನೆ: ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದ, 1507 ಮೀಟರ್. ಇದನ್ನು 73ರಿಂದ ಗುಣಿಸಿದರೆ 110011 ಬರುತ್ತದೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದರಲ್ಲಿ ಏನೋ ಇದೆ ಅಲ್ವಾ? (ಹುಬ್ಬಳ್ಳಿ, ದಿನಾ ರೈಲಿನಲ್ಲಿ ಓಡಾಡುವವರು)

ಉತ್ತರ: ಇದೆ. ಆದರೆ ಅದು ಪ್ಲಾಟ್‌ಫಾರ್ಮಿನಲ್ಲಿ ಇಲ್ಲ.

ಸಿದ್ಧಾರೂಢ ಸ್ವಾಮೀಜಿ ಹೆಸರಿನ ನಿಲ್ದಾಣದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 1507 ಮೀಟರ್ ಇರುವುದು ನಿಜ. 1507 ಅಂದರೆ 11×137. ಈ 137 ಸ್ವಲ್ಪ ತಮಾಷೆಯ ಅಂಕಿ. 73ರ ಜೊತೆ ಸೇರಿದರೆ 10001 ಆಗುತ್ತದೆ. 10001ನ್ನು 11ರಿಂದ ಗುಣಿಸಿದರೆ ನೀವು ಕಂಡ 110011. ನಿಮ್ಮ ಪತ್ರ ಓದಿದ ಕೂಡಲೇ ನನಗೆ ಮಹಾವೀರಾಚಾರ್ಯ ನೆನಪಾದ. ಹಾರದ ಹಾಗೆ ಎರಡು ಕಡೆಯಿಂದಲೂ ಒಂದೇ ಥರ ಕಾಣುವ ಗುಣಲಬ್ಧಗಳೆಂದರೆ ಅವನಿಗೆ ಬಲು ಪ್ರೀತಿ. 139×109 ಮಾಡಿದರೆ 15151, 12345679×9 ಮಾಡಿದರೆ ಒಂಬತ್ತು ಒಂದು, 142857143×7 ಮಾಡಿದರೆ 1000000001. ಅವನ ಪಟ್ಟಿಯಲ್ಲಿ ಇನ್ನೊಂದಿದೆ: 152207×73. ಮಾಡಿ ನೋಡಿ, 11111111, ಎಂಟು ಒಂದು. ಈಗ ಆ 152207ನ್ನು ಒಡೆಯಿರಿ. 101×1507! ನಮ್ಮ ಪ್ಲಾಟ್‌ಫಾರ್ಮ್ ಅದರೊಳಗೆ ಕೂತಿದೆ.

ದಯವಿಟ್ಟು ಇದನ್ನು "ಸಾವಿರದ ಇನ್ನೂರು ವರ್ಷದ ಹಿಂದೆಯೇ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಗೊತ್ತಿತ್ತು" ಅಂತ ವಾಟ್ಸಾಪಿನಲ್ಲಿ ಹರಿಬಿಡಬೇಡಿ. ಮೀಟರ್ ಅನ್ನುವ ಅಳತೆಯೇ ಆಗ ಇರಲಿಲ್ಲ, ಅಡಿಯಲ್ಲಿ ಅಳೆದರೆ 1507 ಮಾಯ. ಇದು ಕಾಕತಾಳೀಯ, ಒಳ್ಳೇ ಕಾಕತಾಳೀಯ.

ಕಾಕತಾಳೀಯ ಅಲ್ಲದ್ದು ಬೇರೆ ಇದೆ, ನಾನು ಎರಡು ದಿನ ಅದನ್ನೇ ನೋಡುತ್ತಾ ಕೂತಿದ್ದೆ. 11111111 ಅಂದರೆ 11×101×10001. ಮೊದಲು ಎರಡು ಒಂದು, ಅದನ್ನು ಎರಡು ಸಲ ಜೋಡಿಸಿದರೆ ನಾಲ್ಕು, ಮತ್ತೆ ಜೋಡಿಸಿದರೆ ಎಂಟು. ಕಂಪ್ಯೂಟರ್ ಸಂಖ್ಯೆಗಳನ್ನು ಸೊನ್ನೆ ಒಂದರಲ್ಲೇ ಬರೆಯುತ್ತದೆ, ಅಲ್ಲಿ ಸ್ಥಾನ ಹತ್ತು ಪಟ್ಟಲ್ಲ, ಎರಡು ಪಟ್ಟು ಏರುತ್ತದೆ, ಥೇಟ್ ಚದುರಂಗದ ಮನೆಗಳ ಹಾಗೆ. ಆ ಬರವಣಿಗೆಯಲ್ಲಿ 11 ಅಂದರೆ ನಮ್ಮ 3, 101 ಅಂದರೆ 5, 10001 ಅಂದರೆ 17. ಎಂಟು ಒಂದು ಅಂದರೆ 255, ಚದುರಂಗದ ಮೊದಲ ಸಾಲು. ಅಂದರೆ ಮಹಾವೀರಾಚಾರ್ಯನ ಹಾರ ಒಡೆಯುವ ರೀತಿಯೂ ಜೋಳದ ಸಾಲು ಒಡೆಯುವ ರೀತಿಯೂ ಒಂದೇ, ಪೋಣಿಸಿದ ದಾರ ಮಾತ್ರ ಬೇರೆ. ಇಡೀ ಹಲಗೆಯ ಮೊತ್ತವನ್ನು ಹಾಗೆ ಬರೆದರೆ 64 ಒಂದು, ಸಾಲಾಗಿ, ನಡುವೆ ಒಂದು ಸೊನ್ನೆಯೂ ಇಲ್ಲ. ನಮ್ಮ ಹತ್ತರ ಲೆಕ್ಕದಲ್ಲಿ ಬರೆದಾಗ ಕಾಡುಕಾಡಾಗಿ ಕಾಣುವ 18446744073709551615 ಅಲ್ಲಿ ಮುತ್ತಿನ ಸರ. ನೀವು ಮೆಚ್ಚಿದ 110011ಕ್ಕೆ ಉಲ್ಟಾ ಪಾಡು, ಎರಡರ ಲೆಕ್ಕದಲ್ಲಿ ಬರೆದರೆ 11010110110111011, ಹಿಂದುಮುಂದಾಗಿ ಓದಿದರೆ ಬೇರೆಯೇ ಆಗುತ್ತದೆ. ಚಂದ ಕಾಣುವುದು ಬರವಣಿಗೆಯ ಗುಣ. ಅಪವರ್ತನಗಳು ಸಂಖ್ಯೆಯವೇ, ಹೇಗೆ ಬರೆದರೂ ಬಿಡುವುದಿಲ್ಲ.

ಪ್ರಶ್ನೆ: ನಿಮ್ಮ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿದರೆ 87, ಮತ್ತೆ ಕೂಡಿದರೆ 15, ಮತ್ತೆ ಕೂಡಿದರೆ 6. ಆರು ಶುಭವೇ? ಹೊಸ ಗಾಡಿ ನಂಬರ್ ಕೂಡಿದರೂ ಆರೇ ಬರುತ್ತದೆ. (ಕೆಎ 27 ಕಡೆಯವರು)

ಉತ್ತರ: ಎಂಟರ ಲೆಕ್ಕದಲ್ಲಿ ಬರೆದರೆ ಅದೇ ಸಂಖ್ಯೆ 1 ಆದಮೇಲೆ 21 ಏಳು. ಕೂಡಿದರೆ 148. ಈಗ ಶುಭ ಯಾವುದು? ಕೊನೆಗೆ 6 ಬಂದದ್ದು ಹೇಳುವುದು ಇಷ್ಟೇ: ಸಂಖ್ಯೆ 3ಕ್ಕೆ ಹೋಗುತ್ತದೆ, 9ಕ್ಕೆ ಹೋಗುವುದಿಲ್ಲ. ಗಾಡಿಗೆ ಹೆಲ್ಮೆಟ್ ತೆಗೆದುಕೊಳ್ಳಿ.

ಪ್ರಶ್ನೆ: ಅಡತಿ ಅಂಗಡಿಯಲ್ಲಿ ವಹಿ ಬರೆಯುತ್ತೇನೆ. ನಮ್ಮ ಹಳೇ ಯಜಮಾನರು ಗುಣಾಕಾರ ಸರಿ ಇದೆಯೋ ಇಲ್ಲವೋ ಅಂತ ಅಂಕಿ ಕೂಡಿ ಹೇಳುತ್ತಿದ್ದರು. ಅದು ಎಷ್ಟು ನಂಬಬಹುದು? (ಬ್ಯಾಡಗಿ)

ಉತ್ತರ: ಇದು ಶುಭ ಅಶುಭದ ಮಾತಲ್ಲ, ಗಟ್ಟಿ ಗಣಿತ. 10 ಅಂದರೆ 9+1, 100 ಅಂದರೆ 99+1. ಹಾಗಾಗಿ ಯಾವ ಸಂಖ್ಯೆಯನ್ನಾದರೂ 9ರಿಂದ ಭಾಗಿಸಿದ ಶೇಷವೂ ಅದರ ಅಂಕಿಗಳ ಮೊತ್ತದ ಶೇಷವೂ ಒಂದೇ.

386 ಚೀಲ ಮೆಣಸಿನಕಾಯಿ, ಚೀಲಕ್ಕೆ 43 ಕಿಲೋ ಅಂದುಕೊಳ್ಳಿ. ಉತ್ತರ 16598. 386 ಕೂಡಿದರೆ 17, ಮತ್ತೆ 8. 43 ಕೂಡಿದರೆ 7. 8×7=56, ಕೂಡಿದರೆ 11, ಮತ್ತೆ 2. 16598 ಕೂಡಿದರೆ 29, 11, 2. ಹೊಂದಿತು. ಆದರೆ ಅವಸರದಲ್ಲಿ 16958 ಅಂತ ಬರೆದಿದ್ದರೂ ಮೊತ್ತ ಅದೇ 29, ಯಜಮಾನರು ಹೂಂ ಅನ್ನುತ್ತಿದ್ದರು, 360 ಕಿಲೋ ಹೆಚ್ಚು ಬಿದ್ದಿರುತ್ತಿತ್ತು. ಇದಕ್ಕೆ ಹನ್ನೊಂದರ ಪರೀಕ್ಷೆ ಮಾಡಿ. ಬಲಗಡೆಯಿಂದ ಒಂದು ಅಂಕಿ ಕೂಡಿ, ಮುಂದಿನದು ಕಳೆಯಿರಿ. 386ಕ್ಕೆ 6−8+3=1. 43ಕ್ಕೆ 3−4=−1. ಗುಣಿಸಿದರೆ −1. 16598ಕ್ಕೆ 8−9+5−6+1=−1, ಸರಿ. 16958ಕ್ಕೆ 8−5+9−6+1=7, ಸಿಕ್ಕಿಬಿತ್ತು. ಪಕ್ಕಪಕ್ಕದ ಎರಡು ಬೇರೆ ಅಂಕಿ ಅದಲುಬದಲಾದರೆ ಹನ್ನೊಂದು ಬಿಡುವುದಿಲ್ಲ.

ಇನ್ನೊಂದು, ನಿಮ್ಮ ಕೆಲಸಕ್ಕೆ ದಿನಾ ಬರುವಂಥದ್ದು. ಸಂಜೆ ಜಮೆ ಖರ್ಚು ಹೊಂದದೆ ಇದ್ದಾಗ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಪೂರ್ತಿ ಹೋದರೆ ಎಲ್ಲೋ ಅಂಕಿ ಹಿಂದುಮುಂದಾಗಿದೆ ಅಂತ ಮೊದಲು ಅನುಮಾನಪಡಿ. ಮೇಲಿನ 360 ಕೂಡ 9×40. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯೂ ಇಂಥದ್ದೇ ಕಾವಲುಗಾರ. ಅದಕ್ಕೆ ಬಳಸುವುದು ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನ. ಒಂದು ಅಂಕಿ ತಪ್ಪಾದರೂ, ಪಕ್ಕದವೆರಡು ಅದಲುಬದಲಾದರೂ ಹಿಡಿಯುತ್ತದೆ. ಹನ್ನೊಂದರ ಶೇಷದಲ್ಲಿ 10 ಬಂದರೆ ಬರೆಯಲು ಒಂದು ಅಂಕಿ ಸಾಲದು, ಆ ತೊಂದರೆ ಇಲ್ಲಿಲ್ಲ.

ಪ್ರಶ್ನೆ: ಟೈಪಿಂಗ್, ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ಎಕ್ಸೆಲ್‌ನಲ್ಲಿ 16 ಅಂಕಿಯ ನಂಬರ್ ಹೊಡೆದರೆ ಕೊನೆಯ ಅಂಕಿ ಸೊನ್ನೆ ಆಗುತ್ತದೆ. ನಿಮ್ಮ 20 ಅಂಕಿ ಹೊಡೆದರೆ ಕೊನೆಯ ಐದೂ ಸೊನ್ನೆ. ಗಿರಾಕಿ ನನ್ನ ಮೇಲೆ ರೇಗುತ್ತಾರೆ. (ಹುಬ್ಬಳ್ಳಿ)

ಉತ್ತರ: ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಆಮೇಲಿನದನ್ನು ಸೊನ್ನೆ ಮಾಡಿ ಕೈತೊಳೆದುಕೊಳ್ಳುತ್ತದೆ. ಒಳಗೆ ಸಂಖ್ಯೆಗೆ 64 ಜಾಗ ಇರುತ್ತವೆ ನಿಜ, ಆದರೆ ಅದರಲ್ಲಿ ಒಂದಿಷ್ಟು ಚಿಹ್ನೆಗೆ, ಚುಕ್ಕಿ ಎಲ್ಲಿದೆ ಅನ್ನುವುದಕ್ಕೆ ಹೋಗುತ್ತವೆ. ಎಲ್ಲ ಪೂರ್ಣ ಸಂಖ್ಯೆಯೂ ತಪ್ಪದೆ ಹಿಡಿಯುವುದು 9,00,71,99,25,47,40,992ರವರೆಗೆ, ಅಂದರೆ 2ರ 53ನೆಯ ಘಾತದವರೆಗೆ. 64 ಜಾಗವನ್ನೂ ಪೂರ್ಣ ಸಂಖ್ಯೆಗೇ ಬಿಟ್ಟುಕೊಟ್ಟರೆ ಅದರಲ್ಲಿ ಹಿಡಿಯುವ ಅತಿ ದೊಡ್ಡದು ನಮ್ಮ ಜೋಳದ ಸಂಖ್ಯೆಯೇ. ಅದಕ್ಕೆ ಇನ್ನೊಂದು ಕಾಳು ಹಾಕಿದರೆ ಹಳೇ ಸ್ಕೂಟರಿನ ಮೀಟರ್ ತಿರುಗಿದ ಹಾಗೆ ಮತ್ತೆ ಸೊನ್ನೆ. ನಿಮಗೆ ಬೇಕಾದ ಉಪಾಯ: ನಂಬರ್ ಹೊಡೆಯುವ ಮೊದಲೇ ಕೋಶದ ಮಾದರಿಯನ್ನು ಟೆಕ್ಸ್ಟ್ ಅಂತ ಬದಲಿಸಿ, ಇಲ್ಲ ನಂಬರಿನ ಮುಂದೆ ಒಂದು ಅಪಾಸ್ಟ್ರಫಿ ಒತ್ತಿ. ಆಗಲೇ ಸೊನ್ನೆ ಆಗಿಹೋದದ್ದು ವಾಪಸ್ ಬರುವುದಿಲ್ಲ, ಮತ್ತೆ ಹೊಡೆಯಬೇಕು.

ಪ್ರಶ್ನೆ: ಸರ್, ನಾನು ಏಳನೇ ತರಗತಿ. ಸೆಕೆಂಡಿಗೆ ಒಂದು ಕಾಳು ಎಣಿಸಿದರೆ ಎಷ್ಟು ದಿನ ಬೇಕು? ಅಜ್ಜಿ ಜೋಳ ಹಸನು ಮಾಡುತ್ತಾ ಕೂತಿದ್ದಾರೆ, ನಾನು ಚದುರಂಗದ ಹಲಗೆ ತಂದಿದ್ದೇನೆ. (ರಾಣೆಬೆನ್ನೂರು)

ಉತ್ತರ: ಪೂರ್ತಿ ಹಲಗೆಗೆ 58 ಸಾವಿರ ಕೋಟಿ ವರ್ಷ ದಾಟುತ್ತದೆ ಮಗಾ. ಈ ವಿಶ್ವ ಹುಟ್ಟಿಯೇ ಸುಮಾರು 1,380 ಕೋಟಿ ವರ್ಷ ಆಗಿದೆ. ಮೇಲಿನ ಅರ್ಧ ಹಲಗೆ ಸಾಕು ಅಂದರೂ 136 ವರ್ಷ. ಮೂರು ಸಾಲಿಗೆ ಆರು ತಿಂಗಳ ಮೇಲೆ, 194 ದಿನ. ಎರಡು ಸಾಲಿಗೆ 18 ಗಂಟೆ 12 ನಿಮಿಷ 15 ಸೆಕೆಂಡ್, ಊಟ ನಿದ್ದೆ ಇಲ್ಲದೆ. ಒಂದು ಸಾಲಿಗೆ 4 ನಿಮಿಷ 15 ಸೆಕೆಂಡ್. ಒಂದೇ ಸಾಲು ಮಾಡು. ಹಸನು ಮಾಡಿಟ್ಟ ಜೋಳ ಚೆಲ್ಲಿ ಅಜ್ಜಿ ಬೈದರೆ ಈ ಪತ್ರಿಕೆಯ ಹೆಸರು ಮಾತ್ರ ಹೇಳಬೇಡ.